ನೂರಕ್ಕೆ ನೂರು ಓದಿದ ನಲವತ್ತಾರು ಪುಟ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಪ್ಯಾಸೆಂಜರ್ ರೈಲು ಬ್ಯಾಡಗಿ ನಿಲ್ದಾಣ ಬಿಡುತ್ತಿದ್ದಾಗ ನನ್ನ ಫೋನಿನ ಪರದೆಯ ಮೇಲೆ ಬಣ್ಣದ ಚೂರುಗಳು ಉದುರಿದವು. ಹಸಿರು ಆಮೆಯೊಂದು ಹಿಂಗಾಲಿನ ಮೇಲೆ ನಿಂತು ಚಪ್ಪಾಳೆ ತಟ್ಟಿತು. ನಲವತ್ತಾರು ಪುಟಗಳ ಜಪಾನಿ ಟಿಪ್ಪಣಿಯನ್ನು ನಾನು ನೂರಕ್ಕೆ ನೂರು ಓದಿ ಮುಗಿಸಿದ್ದೇನೆ ಎಂದು ಅದು ಸಾರಿತು. ನಾನು ನಂಬಿದೆ. ನಲವತ್ತೆಂಟು ವರ್ಷದ ಗಂಡಸು, ಆಮೆಯ ಮಾತನ್ನು ನಂಬಿದೆ.

ಆಗ ಮಳೆ ಬರುತ್ತಿತ್ತು ಎಂದು ನನ್ನ ನೆನಪು ಸೇರಿಸುತ್ತದೆ. ಸುಳ್ಳು. ಅದು ಡಿಸೆಂಬರಿನ ಮೊದಲ ವಾರ. ಹೊರಗೆ ಒಣ ಬಿಸಿಲು, ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು, ಎದುರು ಸೀಟಿನವರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡಿದ್ದರು. ನೆನಪಿಗೆ ಸೋಲಿಗೆ ಮುಂಚೆ ಮಳೆ ಬೇಕಾಗುತ್ತದೆ. ಅದು ಅದರ ಚಟ. ಇಲ್ಲಿ ನೆನಪು ಹೇಳಿದ್ದನ್ನು ಫೋನಿನ ದಾಖಲೆಗಳ ಜೊತೆ ತಾಳೆ ನೋಡಿ ಬರೆದಿದ್ದೇನೆ. ತಾಳೆಯಾಗದ ಕಡೆ ಹಾಗೆಂದು ಹೇಳುತ್ತೇನೆ.

ಕೆಲಸ ಹೀಗಿತ್ತು. ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿ ಜಪಾನಿನ ಇನ್ನೊಂದು ಕಂಪನಿಗೆ ಸಂಕರ ಮೆಣಸಿನಕಾಯಿಯ ಬೀಜ ಮಾಡಿಕೊಡುತ್ತಿತ್ತು. ಬೀಜ ಆಗುತ್ತಿದ್ದದ್ದು ಐರಣಿಯ ಹತ್ತಿರ, ತುಂಗಭದ್ರೆಯ ದಂಡೆಯ ಹೊಲಗಳಲ್ಲಿ, ಪರದೆ ಕಟ್ಟಿದ ಚಪ್ಪರಗಳ ಕೆಳಗೆ. ಹೆಣ್ಣು ಗಿಡದ ಮೊಗ್ಗನ್ನು ಮಧ್ಯಾಹ್ನ ಬಿಡಿಸಿ, ಅದರೊಳಗಿನ ಗಂಡು ಕೇಸರಗಳನ್ನು ಚಿಮಟದಿಂದ ಒಂದೊಂದಾಗಿ ಕೀಳಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದಿಂದ ತಂದ ಪರಾಗವನ್ನು ಅದಕ್ಕೆ ಮುಟ್ಟಿಸಿ ತೊಟ್ಟಿಗೆ ಬಣ್ಣದ ದಾರ ಕಟ್ಟಬೇಕು. ಇದಕ್ಕೆ ಅಲ್ಲಿ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ವಾರಕ್ಕೊಂದು ಬಣ್ಣದ ದಾರ. ದಾರ ಇಲ್ಲದ ಕಾಯಿ ಬೀಜಕ್ಕೆ ಸಲ್ಲದು. ಮೊಗ್ಗು ತನ್ನ ಪರಾಗವನ್ನೇ ತಾನು ಹಚ್ಚಿಕೊಂಡರೆ ಅದು ಸಂಕರವಲ್ಲ. ಅಂಥ ಬೀಜ ಎಷ್ಟು ಬೆರೆತಿದೆ ಎಂದು ಬಿತ್ತಿ, ಬೆಳೆಸಿ ನೋಡುವ ಪರೀಕ್ಷೆ ಇದೆ.

ಹಿಂದಿನ ವರ್ಷದ ಬೀಜ ಆ ಪರೀಕ್ಷೆಯಲ್ಲಿ ಬಿದ್ದಿತ್ತು. ವರದಿಯ ಕಾರಣದ ಖಾನೆಯಲ್ಲಿ ರಾಣೆಬೆನ್ನೂರು ಕಂಪನಿಯ ಮಾಲೀಕರು ‘ಕೆಲಸಗಾರರ ಕೈತಪ್ಪು’ ಎಂದು ತುಂಬಿ ಕಳಿಸಿದ್ದರು. ಎರಡು ವರ್ಷ ಸತತವಾಗಿ ಕೈತಪ್ಪು ದಾಖಲಾದ ಗುಂಪಿಗೆ ಜಪಾನಿ ಕಂಪನಿಯ ಯಾವ ತಳಿಯ ಕೆಲಸವನ್ನೂ ಕೊಡುವಂತಿಲ್ಲ ಎಂಬುದು ಒಪ್ಪಂದದ ನಿಯಮ. ಗುಂಪು ಎಂದರೆ ಐರಣಿ ಸುತ್ತಿನ ಇಪ್ಪತ್ತಾರು ಹೆಂಗಸರು. ಅವರ ಮೇಲೆ ಒಬ್ಬ ಮೇಸ್ತ್ರಿ, ಐವತ್ತು ದಾಟಿದ ಹೆಂಗಸು, ಎಲ್ಲರ ಬಾಯಲ್ಲೂ ‘ಮೇಸ್ತ್ರಿ ಅಕ್ಕ’. ಮೊದಲ ದಿನ ಪರಿಚಯವಾದಾಗ ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಜಪಾನ ಮಾತು ಓದವ್ರು ನೀವೇನ್ರಿ? ಇನ್ನೊಮ್ಮಿ ಕೈತಪ್ಪು ಅಂತ ಬರದ್ರ ನಮ್ಮನ್ನ ಯಾರೂ ಕರಿಯಾಂಗಿಲ್ಲ. ಚಲೋತ್ನ್ಯಾಗ ಓದ್ರಿ, ಸರ.”

ಬೀಜ ಮಾಡುವ ಕ್ರಮದ ಆ ಟಿಪ್ಪಣಿ ಬರೆದವರು ಈ ತಳಿಯನ್ನು ಕಟ್ಟಿದ ಒಬ್ಬ ಜಪಾನಿ ವೃದ್ಧರು. ಅವರಿಗೆ ಇಂಗ್ಲಿಷ್ ಬಾರದು, ಅಥವಾ ಬೇಡ. ಹಿಂದಿನ ವರ್ಷ ಮಾಲೀಕರು ಪುಟಗಳಿಗೆ ಫೋನಿನ ಕ್ಯಾಮೆರಾ ಹಿಡಿದು ಯಂತ್ರದಿಂದ ಅನುವಾದ ಮಾಡಿಸಿದ್ದರು. ಅನುವಾದ ಬಹಳ ಚೆನ್ನಾಗಿತ್ತು. ಎಲ್ಲೂ ಎಡವುತ್ತಿರಲಿಲ್ಲ, ಎಲ್ಲೂ ಅನುಮಾನ ಪಡುತ್ತಿರಲಿಲ್ಲ. ಬೀಜ ಪರೀಕ್ಷೆಯಲ್ಲಿ ಬಿತ್ತು. ಈ ವರ್ಷ ಮನುಷ್ಯ ಬೇಕು ಎಂದು ಅವರಿಗೆ ಅನಿಸಿತು. ಹಾವೇರಿಯಲ್ಲಿ ಒಬ್ಬ ಕಥೆ ಬರೆಯುವವ ಮೂರು ವರ್ಷದಿಂದ ಜಪಾನಿ ಕಲಿಯುತ್ತಿದ್ದಾನೆ ಎಂದು ಯಾರೋ ಹೇಳಿದರು. ನಾನು ಇನ್ನೂ ಮಧ್ಯಮ ಹಂತದವನು ಎಂದು ಹಿಂಜರಿದೆ. ಮೂರು ವರ್ಷ ಕಲಿತವರಿಗೆ ಒಂದು ಮೆಣಸಿನಕಾಯಿ ಬಗ್ಗೆ ಓದಲು ಆಗುವುದಿಲ್ಲವೇ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಒಪ್ಪಿಕೊಂಡೆ.

ಮಧ್ಯಮ ಹಂತ ಎನ್ನುವುದು ಹಂತವಲ್ಲ, ಮಾರುಕಟ್ಟೆ. ಏನೂ ಬಾರದವನು ಬೇಸತ್ತು ಬಿಟ್ಟುಹೋಗುತ್ತಾನೆ. ಪೂರ್ತಿ ಬಂದವನಿಗೆ ಆ್ಯಪು ಬೇಡ. ನಡುವಿನವನು ಮಾತ್ರ ವರ್ಷಗಟ್ಟಲೆ ಚಂದಾ ಕಟ್ಟುತ್ತಾ, ಇನ್ನೇನು ಬಂತು ಎಂದು ಬಾಗಿಲಲ್ಲೇ ನಿಂತಿರುತ್ತಾನೆ. ನನ್ನ ಫೋನಿನಲ್ಲಿ ಮೂರು ಆ್ಯಪು ಇದ್ದವು. ಒಂದು ಪಾಠದ್ದು. ಅದರಲ್ಲಿ ಆಮೆ ಇತ್ತು, ದಿನ ತಪ್ಪದ ಎಣಿಕೆ ಇತ್ತು, ನನ್ನಂಥ ಮಂಕುಗಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಒಂದು ಲೀಗು ಇತ್ತು. ನನ್ನ ಚಿಕ್ಕಪ್ಪನ ಟೋಪಿ ಎಲ್ಲಿದೆ ಎಂದು ಅದು ಮೂರು ವರ್ಷ ಕೇಳಿತು. ನನಗೆ ಚಿಕ್ಕಪ್ಪ ಇಲ್ಲ. ಎರಡನೆಯದು ಪದಗಳ ಚೀಟಿಯದು: ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಮುಖಕ್ಕೆ ಹಿಡಿಯುತ್ತದೆ. ಅದರಲ್ಲಿ ನನ್ನ ನಾಲ್ಕು ಸಾವಿರ ಪದಗಳಿದ್ದವು. ಪರದೆಯ ಮೇಲೆ ಬಂದರೆ ಎಲ್ಲವೂ ಗೊತ್ತು, ಪುಟದಲ್ಲಿ ಕಂಡರೆ ಎಲ್ಲೋ ನೋಡಿದ ಮುಖ.

ಮೂರನೆಯದು ಓದಿನ ಆ್ಯಪು, ಆಮೆಯ ಕಂಪನಿಯದೇ. ನಡುವಿನವರನ್ನು ನಿರರ್ಗಳ ಓದಿಗೆ ದಾಟಿಸುತ್ತೇವೆ ಎಂಬುದು ಅದರ ಜಾಹೀರಾತು. ಯಾವ ಕಡತ ಕೊಟ್ಟರೂ ಒಳಗೆ ಎಳೆದುಕೊಳ್ಳುತ್ತದೆ. ಗೊತ್ತಿಲ್ಲದ ಪದ ಕಿತ್ತಳೆ, ಅರ್ಧ ಗೊತ್ತಿರುವುದು ಹಳದಿ, ಗೊತ್ತಿರುವುದಕ್ಕೆ ಬಣ್ಣ ಇಲ್ಲ. ಬೆರಳು ಒತ್ತಿದರೆ ಇಂಗ್ಲಿಷ್ ಅರ್ಥ. ಇನ್ನೊಮ್ಮೆ ಒತ್ತಿದರೆ ಪದ ಚೀಟಿಯಾಗಿ ಹೋಗುತ್ತದೆ. ಮೂರನೆಯ ಸಲ ಒತ್ತಿದರೆ ‘ಗೊತ್ತು’. ಪುಟದಲ್ಲಿ ಬಣ್ಣ ಎಲ್ಲ ಅಳಿದರೆ ಪುಟ ಓದಿದಂತೆ.

ಈ ಮೂರನೆಯ ಒತ್ತಿನಲ್ಲಿ ನನ್ನ ಅಧಃಪತನ ಇದೆ. ಮೊದಲ ಹತ್ತು ಪುಟಗಳನ್ನು ನಾನು ನಿಜಕ್ಕೂ ಓದಿದೆ. ಒಂದೊಂದು ಪುಟಕ್ಕೆ ಒಂದೂವರೆ ಗಂಟೆ. ಗೊಬ್ಬರ, ಸಾಲಿನ ಅಂತರ, ಪರದೆಯ ಕಣ್ಣಿನ ಅಳತೆ. ಆಮೇಲೆ ನನಗೆ ಗೊತ್ತಿಲ್ಲದಂತೆ ಓದುವ ಕೆಲಸ ನಿಂತು ಬಣ್ಣ ಅಳಿಸುವ ಕೆಲಸ ಶುರುವಾಯಿತು. ಗೊತ್ತಿಲ್ಲದಂತೆ ಎಂದು ಬರೆದೆ. ಅದು ಮೆದುವಾದ ಮಾತು. ಗೊತ್ತಿತ್ತು. ಬೆರಳು ಸರಾಗವಾಗಿ ಓಡುತ್ತಿತ್ತು, ಶೇಕಡಾ ಏರುತ್ತಿತ್ತು, ಏರುವುದನ್ನು ನೋಡಲು ಹಿತವಾಗಿತ್ತು. ಅದನ್ನೇ ನಾನು ನಿರರ್ಗಳ ಎಂದುಕೊಂಡೆ.

ಮಾಲೀಕರಿಗೆ ನಾಲ್ಕು ಪುಟದ ಕನ್ನಡ ಸಾರಾಂಶ ಬರೆದುಕೊಟ್ಟೆ. ಮೊಗ್ಗನ್ನು ಯಾವ ಹಂತದಲ್ಲಿ ಬಿಡಿಸಬೇಕು ಎಂಬಲ್ಲಿ ಮೂಲದಲ್ಲಿ ಒಂದೇ ವಾಕ್ಯ ಇತ್ತು: ಚಿತ್ರ ಏಳರಲ್ಲಿ ತೋರಿಸಿದಂತೆ. ವಾಕ್ಯದಲ್ಲಿ ಬಣ್ಣದ ಪದ ಒಂದೂ ಇರಲಿಲ್ಲ. ಎಲ್ಲ ಪದವೂ ನನಗೆ ಗೊತ್ತಿತ್ತು. ಆ್ಯಪಿನಲ್ಲಿ ಚಿತ್ರ ಏಳರ ಜಾಗದಲ್ಲಿ ಬೂದು ಬಣ್ಣದ ಖಾಲಿ ಚೌಕ. ನಾನು ಬರೆದೆ: ‘ಮೊಗ್ಗಿನ ಹಂತ ವಾಡಿಕೆಯಂತೆ.’ ನಮ್ಮ ಕಡೆಯ ವಾಡಿಕೆ ಎಂದರೆ ಮೊಗ್ಗಿನ ತುದಿಯಲ್ಲಿ ದಳ ಬೆಳ್ಳಗೆ ಇಣುಕಿದಾಗ, ಹೂ ಅರಳುವ ಹಿಂದಿನ ಮಧ್ಯಾಹ್ನ, ಬಿಡಿಸುವುದು.

ಕ್ರಾಸಿಂಗ್ ಶುರುವಾಯಿತು. ಮೊದಲ ವಾರ ಬಿಳಿ ದಾರ.

ಎರಡನೆಯ ವಾರ, ನೀಲಿ ದಾರ ಶುರುವಾಗಿ ಎರಡು ದಿನವಾಗಿತ್ತು, ನಾನು ಐರಣಿಗೆ ಹೋದೆ. ಕೆಲಸ ಏನೂ ಇರಲಿಲ್ಲ. ನನ್ನ ಓದಿನ ಫಲವನ್ನು ಕಣ್ಣಾರೆ ನೋಡುವ ಹುಮ್ಮಸ್ಸು. ಊಟದ ಬಿಡುವು. ಹೆಂಗಸರು ಬದುವಿನ ಮೇಲೆ ಸಾಲಾಗಿ ಕುಳಿತು ರೊಟ್ಟಿ ಬಿಚ್ಚಿದ್ದರು. ಮಾಲೀಕರು ಟಿಪ್ಪಣಿಯ ಚಿತ್ರದ ಪುಟಗಳನ್ನು ಮಾತ್ರ ಬಣ್ಣದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಚಪ್ಪರದ ಕಂಬಕ್ಕೆ ಕಟ್ಟಿಸಿದ್ದರು. ಮೇಸ್ತ್ರಿ ಅಕ್ಕ ಅದರ ಮುಂದೆ ನಿಂತಿದ್ದರು.

“ಸರ, ಈ ಮೊಗ್ಗಿ ಚಿತ್ರದ ಮಗ್ಗಲ್ಕ ಮುದುಕ ಏನೋ ಗೀಚ್ಯಾನಲ್ಲರಿ. ಏನದು?”

ನಾನು ಹತ್ತಿರ ಹೋದೆ. ಐದು ಮೊಗ್ಗುಗಳು ಸಾಲಾಗಿ, ಚಿಕ್ಕದರಿಂದ ದೊಡ್ಡದಕ್ಕೆ. ಎರಡನೆಯದರ ಸುತ್ತ ಪೆನ್ನಿನ ವೃತ್ತ. ಅದರಿಂದ ಒಂದು ಗೆರೆ ಹೊರಟು ಅಂಚಿನಲ್ಲಿ ಕೈಬರಹದ ಎರಡು ಸಾಲು. ನಾನು ಅದನ್ನು ಹಿಂದೆ ಎಂದೂ ನೋಡಿರಲಿಲ್ಲ. ಆ್ಯಪು ಮುದ್ರಿತ ಅಕ್ಷರವನ್ನಷ್ಟೇ ಎಳೆದುಕೊಂಡು, ಉಳಿದದ್ದನ್ನು ಬೂದು ಚೌಕ ಮಾಡಿ, ಉಳಿದದ್ದು ಇಲ್ಲವೇ ಇಲ್ಲ ಎಂಬಂತೆ ನೂರಕ್ಕೆ ನೂರು ಕೊಟ್ಟಿತ್ತು. ಮೂಲ ಕಡತವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ.

ಇದು ಯಾವ ಚಿತ್ರ ಎಂದು ಕೇಳಿದೆ. ಹೊತ್ತು ದೂಡಲು ಕೇಳಿದ್ದು.

“ಪೂರಾ ಓದೀರಂತಲ್ಲರಿ” ಎಂದರು ಆಕೆ. ಹಿಂದೆ ಕುಳಿತವರಲ್ಲಿ ಒಬ್ಬಳು ನಕ್ಕಳು, ಇನ್ನೊಬ್ಬಳು ಅವಳ ಮೊಣಕೈ ತಿವಿದಳು.

ಕೈಬರಹ ಓದಲು ನನಗೆ ಬರುತ್ತಿರಲಿಲ್ಲ. ಮೂರು ವರ್ಷ ನಾನು ಓದಿದ್ದು ಒಂದೇ ಅಚ್ಚಿನ ಅಕ್ಷರ, ಪ್ರತಿ ಗೆರೆ ಬಿಡಿಬಿಡಿಯಾಗಿ, ಸಾಬೂನಿನಿಂದ ತೊಳೆದಂತಿದ್ದದ್ದು. ಇಲ್ಲಿ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು ಓಡಿದ್ದವು. ನೋಡಿ ಹೇಳುತ್ತೇನೆ ಎಂದು ಫೋಟೋ ತೆಗೆದುಕೊಂಡು ಬಸ್ ಹಿಡಿದೆ.

ಆಮೇಲೆ ಏನು ಮಾಡಿದೆ? ನೆನಪಿನ ಪ್ರಕಾರ ತಕ್ಷಣ ಕೆಲಸಕ್ಕೆ ಕೂತೆ. ದಾಖಲೆಯ ಪ್ರಕಾರ ಅಂದು ಸಂಜೆ ಪಾಠದ ಆ್ಯಪಿನಲ್ಲಿ ನಲವತ್ತೆರಡು ನಿಮಿಷ ಕಳೆದಿದ್ದೇನೆ, ಲೀಗಿನಲ್ಲಿ ಮೂರನೆಯ ಸ್ಥಾನಕ್ಕೆ ಏರಿದ್ದೇನೆ. ಮರುದಿನವೂ ಹಾಗೇ. ಫೋಟೋ ತೆಗೆದ ದಿನಕ್ಕೂ ಅದನ್ನು ಮತ್ತೆ ತೆರೆದ ದಿನಕ್ಕೂ ನಡುವೆ ಎರಡು ದಿನ ಇವೆ. ಆ ಎರಡು ದಿನ ನಾನೇನು ಯೋಚಿಸುತ್ತಿದ್ದೆ ಎಂಬುದನ್ನು ಯಾವ ಆ್ಯಪೂ ದಾಖಲಿಸಿಲ್ಲ, ಆದರೆ ನನಗೆ ಗೊತ್ತಿದೆ. ಸುಮ್ಮನಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಬೀಜ ಬಿದ್ದರೆ ‘ಕೈತಪ್ಪು’ ಎಂದು ಬರೆಯಲು ಖಾನೆ ಸಿದ್ಧ ಇತ್ತು. ಓದುವವನ ಕಣ್ತಪ್ಪಿಗೆ ಆ ನಮೂನೆಯಲ್ಲಿ ಖಾನೆಯೇ ಇರಲಿಲ್ಲ. ಇಪ್ಪತ್ತಾರು ಹೆಂಗಸರು ನನ್ನ ಹೆಸರು ಕೂಡ ಕೇಳದೆ ನನ್ನ ತಪ್ಪನ್ನು ಹೊತ್ತು ಮನೆಗೆ ಹೋಗುತ್ತಿದ್ದರು.

ಮೂರನೆಯ ದಿನ ಫೋಟೋ ತೆರೆದು ಮೊದಲು ಕ್ಯಾಮೆರಾದ ಅನುವಾದಕ್ಕೇ ಕೊಟ್ಟೆ. ಹೇಡಿಗಳು ಶಾರ್ಟ್‌ಕಟ್ಟನ್ನು ಕೊನೆಯವರೆಗೆ ಬಿಡುವುದಿಲ್ಲ. ಮೂಲ ಪುಟವೇ ಎರಡು ಸಲ ಸ್ಕ್ಯಾನ್ ಆಗಿ ಮಸುಕಾಗಿತ್ತು. ಮೂರು ಸಲ ಹಿಡಿದೆ, ಮೂರು ಉತ್ತರ ಬಂತು. ತಡವಾಗಿ ಬಂದ ಬಿಳಿ ತಾಯಿ. ಒಳಗಿನ ಬಾಗಿಲು ಮೊದಲು ತೆರೆಯಿರಿ. ಹಣ್ಣಾದ ಮೇಲೆ ನೀಲಿ. ಮೂರೂ ಒಂದೇ ಧೈರ್ಯದಲ್ಲಿ ಹೇಳಿದ್ದು. ಈ ಯಂತ್ರಗಳಿಗೆ ಗೊತ್ತಿಲ್ಲ ಎನ್ನುವ ಮಾತೇ ಬರುವುದಿಲ್ಲ; ಆ ಒಂದು ವಿಷಯದಲ್ಲಿ ಅವು ನನಗಿಂತ ಕೀಳಲ್ಲ.

ಕೈಯಿಂದ ಬರೆದು ಹುಡುಕುವ ನಿಘಂಟು ಒಂದಿದೆ. ಪರದೆಯ ಮೇಲೆ ಬೆರಳಿನಿಂದ ಅಕ್ಷರ ಗೀಚಿದರೆ ಅದು ಯಾವುದೆಂದು ಹೇಳುತ್ತದೆ. ಆದರೆ ಗೆರೆಗಳು ಅನುಕ್ರಮದಲ್ಲಿ ಬರಬೇಕು: ಯಾವುದು ಮೊದಲು, ಎಲ್ಲಿಂದ ಎಲ್ಲಿಗೆ. ಕಲಸಿಹೋದ ಬರಹದಲ್ಲಿ ಆ ಅನುಕ್ರಮವೇ ನನಗೆ ಕಾಣುತ್ತಿರಲಿಲ್ಲ. ಅದನ್ನು ಕಾಣುವವರು ಯಾರು ಎಂದು ಯೋಚಿಸುವಾಗ ಬ್ಯಾಡಗಿಯ ಒಬ್ಬರು ನೆನಪಾದರು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ಕುಂಚದಿಂದ ವ್ಯಾಪಾರಿಗಳ ಗುರುತು ಬರೆಯುವ ಮುದುಕರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಗೋಣಿಯ ಒರಟಿನ ಮೇಲೆ ಅರ್ಧ ಅಳಿಸಿದ ಗುರುತನ್ನು ನೋಡಿ, ಅದನ್ನು ಬರೆದ ಕೈ ಯಾರದು ಎಂದು ಅವರು ಹೇಳುವುದನ್ನು ನಾನು ಒಮ್ಮೆ ಕೇಳಿದ್ದೆ.

ಫೋಟೋವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಬೆಳಿಗ್ಗೆ ಬ್ಯಾಡಗಿಯಲ್ಲಿ ಇಳಿದೆ. ಚಾಚಾ ಒಂದು ದಲಾಲಿ ಅಂಗಡಿಯ ಮುಂದೆ, ಚೀಲಗಳ ರಾಶಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಘಾಟಿಗೆ ಕಣ್ಣಲ್ಲಿ ನೀರು ಸುರಿಸುತ್ತಾ ನಾನು ಹಾಳೆ ಕೊಟ್ಟೆ. ಜಪಾನಿನವರೂ ಈಗ ಬ್ಯಾಡಗಿಗೆ ಚೀಲ ಕಳಿಸುತ್ತಿದ್ದಾರೋ ಎಂದು ವಿಚಾರಿಸಿದರು. ಅರ್ಥ ಬೇಡ, ಕೈ ಹೇಗೆ ಓಡಿದೆ ಎಂದಷ್ಟೇ ಹೇಳಿ ಎಂದೆ.

“ಕಲಮು ಕುಂತಲ್ಲಿ ಮಸಿ ದಪ್ಪ ಇರತೈತಿ, ಎದ್ದಲ್ಲಿ ಸಣ್ಣ ಆಗತೈತಿ. ಇಷ್ಟ ನೋಡೂದು” ಎಂದರು. ಸ್ವಲ್ಪ ಹೊತ್ತು ಹಾಳೆಯನ್ನು ದೂರ ಹಿಡಿದು ನೋಡಿದರು. “ಬರದಾಂವ ಅವಸರದಾಗ ಇದ್ದ. ಆದರ ಇದನ್ನ ಭಾಳ ಸಲ ಬರದ ಕೈ.”

ಹರಿದ ಗೋಣಿಯ ತುಂಡೊಂದನ್ನು ಹಾಸಿ, ಒಂದು ಅಕ್ಷರವೂ ಗೊತ್ತಿಲ್ಲದ ಭಾಷೆಯನ್ನು ಅವರು ಕುಂಚದಲ್ಲಿ ನಿಧಾನವಾಗಿ ಬಿಡಿಸತೊಡಗಿದರು. ಒಂದು ಗೆರೆ, ನಿಲುಗಡೆ, ಇನ್ನೊಂದು ಗೆರೆ. ಅವರು ಎಳೆದ ಕ್ರಮದಲ್ಲೇ ನಾನು ಪರದೆಯ ಮೇಲೆ ಎಳೆದೆ. ಮೊದಲ ಅಕ್ಷರಕ್ಕೆ ನಿಘಂಟು ಕೊಟ್ಟದ್ದು ‘ಬಿಳಿ’. ಎರಡು ಕಡೆ ಚಾಚಾ ತಪ್ಪಿದರು, ತಾವೇ ವಾಪಸು ಹೋಗಿ ತಿದ್ದಿದರು. ಒಂದು ಅಕ್ಷರ ಕೊನೆಗೂ ಬಗೆಹರಿಯಲಿಲ್ಲ, ಅದಿಲ್ಲದೆಯೂ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಎರಡು ಸಾಲು ನನ್ನ ವಹಿಯಲ್ಲಿತ್ತು.

‘ಬಿಳಿ ಕಂಡ ಮೇಲೆ ತಡ. ಈ ಹೆಣ್ಣು ಗಿಡದ್ದು ಒಳಗೇ ಮೊದಲು ಒಡೆಯುತ್ತದೆ. ಪೂರ್ತಿ ಹಸಿರಿರುವಾಗ, ಈ ಅಳತೆಯಲ್ಲಿ. ಪರಾಗ ಮರುದಿನವಲ್ಲ, ಅದರ ಮರುದಿನ.’

ಅಂದರೆ ಹೆಂಗಸರು ಚಿಮಟ ಹಾಕುವ ಮೊದಲೇ ಮೊಗ್ಗು ತನ್ನ ಕೆಲಸ ಮುಗಿಸಿಕೊಂಡಿರುತ್ತಿತ್ತು. ಅವರು ಎಷ್ಟು ನಾಜೂಕಾಗಿ ಕಿತ್ತರೂ, ಏನು ದಾರ ಕಟ್ಟಿದರೂ, ಬೀಜ ತಾಯಿಯಂತೆಯೇ. ಹಿಂದಿನ ವರ್ಷವೂ ಇದೇ. ಕೈ ತಪ್ಪಿರಲೇ ಇಲ್ಲ.

ಮುಂದಿನ ಬಸ್ಸಿಗೆ ರಾಣೆಬೆನ್ನೂರು, ಅಲ್ಲಿಂದ ಐರಣಿ. ಮೇಸ್ತ್ರಿ ಅಕ್ಕನಿಗೆ ಎರಡು ಸಾಲು ಓದಿ ಹೇಳಿದೆ. ಆಕೆ ಹತ್ತಿರದ ಗಿಡದಿಂದ ತುದಿ ಬೆಳ್ಳಗಾದ ಮೊಗ್ಗೊಂದನ್ನು ಮುರಿದು, ಉಗುರಿನಿಂದ ಸೀಳಿ, ಅಂಗೈ ಮೇಲೆ ಇಟ್ಟು ನನ್ನ ಮುಂದೆ ಹಿಡಿದರು. ಭೂತಗನ್ನಡಿಯಲ್ಲಿ ನೋಡಿದೆ. ಕೇಸರಗಳು ಆಗಲೇ ಬಿರಿದಿದ್ದವು, ನಡುವಿನ ಹೆಣ್ಣು ಕಡ್ಡಿಯ ತುದಿಗೆ ಪರಾಗದ ಪುಡಿ ಮೆತ್ತಿತ್ತು. ಹತ್ತು ಮೊಗ್ಗು ನೋಡಿದೆವು. ಆರರಲ್ಲಿ ಹಾಗೇ. ಆಮೇಲೆ ಪೂರ್ತಿ ಹಸಿರು ಮೊಗ್ಗು ಹತ್ತು. ಒಂದರಲ್ಲೂ ಇಲ್ಲ.

ಮಾಲೀಕರ ಆಫೀಸಿಗೆ ಹೋದಾಗ ನನ್ನ ಮಾತು ತೊದಲಿತು ಎಂದು ಬರೆಯಲು ಇಷ್ಟ, ಅದು ನನ್ನನ್ನು ಮನುಷ್ಯನನ್ನಾಗಿ ಮಾಡುತ್ತದೆ. ನಿಜಕ್ಕೂ ನಾನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡ ವಾಕ್ಯಗಳನ್ನು ಸರಾಗವಾಗಿ ಒಪ್ಪಿಸಿದೆ. ಬಿಳಿ ದಾರದ ಕಾಯಿ, ನೀಲಿ ದಾರದ ಕಾಯಿ, ಎಲ್ಲ ಕೀಳಬೇಕು. ಇವತ್ತಿನಿಂದ ಹಸಿರು ಮೊಗ್ಗು, ಹೊಸ ಬಣ್ಣದ ದಾರ. ಸಾರಾಂಶದಲ್ಲಿ ವಾಡಿಕೆಯಂತೆ ಎಂದು ಬರೆದವನು ನಾನು, ಆ ಪುಟ ನಾನು ನೋಡಿರಲಿಲ್ಲ.

“ಎರಡು ವಾರದ ಕೆಲಸ ಕಿತ್ತ ಒಗೀರಿ ಅಂತೀರಿ.”

ಹೌದು ಎಂದೆ.

“ಮುದುಕ ಖರೇನ ಹಂಗ ಬರದಾನ?”

ಸೀಳಿದ ಮೊಗ್ಗುಗಳನ್ನು ಕಾಗದದಲ್ಲಿ ಮಡಿಸಿ ತಂದಿದ್ದೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, ಜಪಾನಿ ಹಾಳೆಯನ್ನು ಎತ್ತಿಕೊಂಡು, ಓದಲು ಬರುವವರಂತೆ ಬಹಳ ಹೊತ್ತು ನೋಡಿದರು. ಮೊಗ್ಗು ಹೇಳಿದ್ದನ್ನು ನಂಬದವರು ಮೊಗ್ಗಿನ ಬಗ್ಗೆ ಕಾಗದ ಹೇಳಿದ್ದನ್ನು ನಂಬಿದರು. ನಾನೂ ಅದೇ ಜಾತಿಯವನು, ಹಾಗಾಗಿ ಆ ಕ್ಷಣ ಅವರನ್ನು ತುಚ್ಛವಾಗಿ ಕಾಣುವುದು ನನಗೆ ಸುಲಭವಾಯಿತು. ಕೊನೆಗೆ, ಋತು ಇನ್ನೂ ಇದೆ, ಕೀಳಿಸಿ ಎಂದರು.

ಕೀಳಲು ಮೂರು ದಿನ ಹಿಡಿಯಿತು. ತಾವೇ ಕಟ್ಟಿದ ದಾರ ಹುಡುಕಿ, ಕಡಲೆಯಷ್ಟು ದಪ್ಪಗಾದ ಕಾಯಿಗಳನ್ನು ಹೆಂಗಸರು ಸೆರಗಿಗೆ ಕಿತ್ತು ಹಾಕಿದರು. ನಾನೂ ಒಂದು ಸಾಲಿಗೆ ನಿಂತೆ. ಅರ್ಧ ಗಂಟೆಗೆ ಪಕ್ಕದ ಸಾಲಿನಿಂದ ಬುದ್ಧಿಮಾತು ಬಂತು: “ದಾರ ಇದ್ದದ್ದು ಕೀಳ್ರಿ ಸರ, ಬರೇ ಎಲಿ ತಪ್ಪಲಾ ಹರಿಯಾಕತ್ತೀರಿ.” ಮೇಸ್ತ್ರಿ ಅಕ್ಕ ನನ್ನನ್ನು ಸಾಲಿನಿಂದ ಎಬ್ಬಿಸಿ ನೆರಳಿಗೆ ಕೂಡಿಸಿದರು. ಗಿಡ ಬಿಟ್ಟು ಕಾಗದ ಹಿಡಿಯಿರಿ, ನಲವತ್ತಾರು ಪುಟ ಮೊದಲಿಂದ ಓದಿ, ನಾನು ಕೇಳುತ್ತೇನೆ ಎಂದರು.

ಓದುವುದನ್ನು ನಾನು ಕಲಿತದ್ದು ಅಲ್ಲಿಂದ ಮುಂದಿನ ಐದು ವಾರಗಳಲ್ಲಿ. ವಿಧಾನ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮೂಲ ಕಡತವನ್ನು ಕಾಗದದಲ್ಲಿ ಮುದ್ರಿಸಿದೆ, ಚಿತ್ರ, ಅಂಚು, ಕಲೆ ಸಮೇತ. ರೈಲಿನಲ್ಲಿ ಒಂದು ಪುಟವನ್ನು ನಿಘಂಟು ಇಲ್ಲದೆ ತುದಿಯಿಂದ ತುದಿಗೆ ಓದುತ್ತಿದ್ದೆ. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ ಗೆರೆ, ನಿಲ್ಲುವಂತಿಲ್ಲ. ಇನ್ನೊಮ್ಮೆ ಓದಿದಾಗಲೂ ಪದ ಅಡ್ಡ ಬಂದರೆ ಮಾತ್ರ ನಿಘಂಟು. ಅರ್ಧಕ್ಕರ್ಧ ಗೆರೆಗಳು ಎರಡನೆಯ ಓದಿಗೆ ತಾವೇ ಬಿದ್ದುಹೋಗುತ್ತಿದ್ದವು. ಚೀಟಿಯ ಆ್ಯಪಿಗೆ ದಿನಕ್ಕೆ ಐದು ಪದಕ್ಕಿಂತ ಹೆಚ್ಚು ಕೊಡಲಿಲ್ಲ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಆಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದೇ ಪುಟವನ್ನು ಕಾಗದದಿಂದ ನೇರವಾಗಿ ಕನ್ನಡದಲ್ಲಿ ಮೇಸ್ತ್ರಿ ಅಕ್ಕನಿಗೆ ಹೇಳುತ್ತಿದ್ದೆ, ನಡುವೆ ಇಂಗ್ಲಿಷ್ ಇಲ್ಲದೆ. ಮೂರು ವರ್ಷ ಆ್ಯಪುಗಳು ನನ್ನನ್ನು ಇಂಗ್ಲಿಷಿನ ಮೂಲಕವೇ ಹಾಯಿಸಿದ್ದವು. ಪಕ್ಕದ ಮನೆಗೆ ಹೋಗಲು ಲಂಡನ್ನಿಗೆ ಹೋಗಿ ಬಂದಂತೆ. ಜಪಾನಿ ವಾಕ್ಯ ನಮ್ಮ ಮಾತಿನ ಹಾಗೆಯೇ ಕೊನೆಯಲ್ಲಿ ಕ್ರಿಯಾಪದ ಇಟ್ಟುಕೊಂಡು ನಡೆಯುತ್ತದೆ ಎಂದು ಯಾವ ಆಮೆಯೂ ನನಗೆ ಹೇಳಲಿಲ್ಲ.

ಆಕೆ ಕೇಳುವ ಕ್ರಮವೂ ಬೇರೆ. ನನ್ನ ಕನ್ನಡ ಸರಿಯಿದೆಯೇ ಎಂದು ಅಲ್ಲ, ಗಿಡ ಹಾಗೆ ಮಾಡುತ್ತದೆಯೇ ಎಂದು.

“ಹಂಗ ಆಗಾಂಗಿಲ್ಲರಿ. ಮತ್ತ ನೋಡ್ರಿ” ಎನ್ನುತ್ತಿದ್ದರು.

ಮತ್ತೆ ನೋಡಿದರೆ ಪ್ರತಿ ಸಲವೂ ನಾನೇ ತಪ್ಪಿರುತ್ತಿದ್ದೆ. ಬೆಳಿಗ್ಗೆ ಇಬ್ಬನಿ ಇರುವಾಗ ಪರಾಗ ತೆಗೆಯಿರಿ ಎಂದು ಒಮ್ಮೆ ಓದಿದೆ; ಪುಡಿ ಉಂಡೆ ಕಟ್ಟುತ್ತದೆ ಎಂದು ಆಕೆ ತಲೆ ಅಲ್ಲಾಡಿಸಿದರು; ಮೂಲದಲ್ಲಿ ಇಬ್ಬನಿ ಆರಿದ ಮೇಲೆ ಎಂದಿತ್ತು. ನಾಲ್ಕನೆಯ ವಾರದಲ್ಲಿ ತಪ್ಪು ಆಕೆ ಹೇಳುವ ಮೊದಲೇ ನನಗೆ ಚುಚ್ಚತೊಡಗಿತು. ಐದನೆಯ ವಾರದಲ್ಲಿ ಒಂದು ದಿನ, ಆ ಜಪಾನಿ ವೃದ್ಧರು ತಿಂಗಳ ಕೊನೆಗೆ ಕಂಪನಿಗೆ ಟೈಪು ಮಾಡಿ ಕಳಿಸುತ್ತಿದ್ದ ಪತ್ರವನ್ನು ಬಸ್ಸಿನಲ್ಲಿ ಓದಿ ಮುಗಿಸಿ ಮಡಿಸಿ ಇಟ್ಟಮೇಲೆ, ಪೆನ್ಸಿಲ್ ತೆಗೆದೇ ಇರಲಿಲ್ಲ ಎಂದು ಗೊತ್ತಾಯಿತು. ಯಾವ ಬಸ್ಸು, ಎಲ್ಲಿ, ಕಿಟಕಿಯಾಚೆ ಏನಿತ್ತು, ಒಂದೂ ನೆನಪಿಲ್ಲ. ಪಾಠದ ಆ್ಯಪು ಅಷ್ಟರಲ್ಲಿ ನನ್ನನ್ನು ಲೀಗಿನಿಂದ ಕೆಳಗೆ ತಳ್ಳಿ, ಅಳುವ ಆಮೆಯೊಂದನ್ನು ಕಳಿಸಿತ್ತು.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟರೆ ಕಥೆ ತೀರಾ ಅಚ್ಚುಕಟ್ಟಾಗುತ್ತದೆ. ಆ ಬೀಜ ಪರೀಕ್ಷೆಯಲ್ಲಿ ಪಾಸಾಯಿತು. ಹಿಂದಿನ ವರ್ಷದ ದಾಖಲೆಯನ್ನು ಜಪಾನಿನವರು ತಿದ್ದಿದರು. ಗುಂಪು ಈಗಲೂ ಐರಣಿಯಲ್ಲಿ ಕೆಲಸ ಮಾಡುತ್ತಿದೆ. ಉಳಿದಿರುವುದು ಆ ತಿದ್ದುಪಡಿಗೆ ಕಾರಣವಾದ ಪತ್ರ.

ಕ್ರಾಸಿಂಗ್ ಎರಡು ವಾರ ತಡವಾದದ್ದು ಯಾಕೆ ಎಂದು ಜಪಾನಿನಿಂದ ವಿವರಣೆ ಕೇಳಿದ್ದರು. ಮಾಲೀಕರು ನನ್ನನ್ನು ಆಫೀಸಿಗೆ ಕರೆಸಿದರು. ಯಾವ ದಿನ ಯಾವ ದಾರ ಎಂಬ ವಹಿ ತೆಗೆದುಕೊಂಡು ಮೇಸ್ತ್ರಿ ಅಕ್ಕನೂ ಬಂದಿದ್ದರು, ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು. ಕೂಲಿಯವರು ಅವಸರದಲ್ಲಿ ತಪ್ಪು ಮೊಗ್ಗು ಬಿಡಿಸಿದರು, ನಾವು ಕಂಡುಹಿಡಿದು ಸರಿಪಡಿಸಿದೆವು ಎಂದು ಬರೆಯಿರಿ ಎಂದರು ಮಾಲೀಕರು. ಆಕೆ ಅಲ್ಲೇ ಕುಳಿತಿರುವಾಗ ಅಂದರು. ಹಾಗೆ ಬರೆದರೆ ಎರಡನೆಯ ಕೈತಪ್ಪು ದಾಖಲಾಗುತ್ತದೆ ಎಂದೆ.

“ಓದವ್ರ ತಪ್ಪು ಅಂತ ಬರದ್ರ ನನ್ನ ಕಂಪನಿ ಮರ್ಯಾದಿ ಏನ್ ಉಳೀತರಿ? ಹೆಣ್ಮಕ್ಳು ತಪ್ಪಿದ್ರು ಅಂದ್ರ ಅದು ಎಲ್ಲಾ ಕಡೆ ಇರೂದ. ಗುಂಪು ಬೇರೆ ಸಿಗತಾವ.”

ಚಿತ್ರದ ಪುಟ ಓದಿರಲಿಲ್ಲ, ತಪ್ಪು ಓದಿದವನದು, ಹೀಗೇ ಬರೆಯುತ್ತೇನೆ, ಬೇಡವಾದರೆ ಬೇರೆಯವರಿಂದ ಬರೆಸಿ ಎಂದೆ. ಇದರಲ್ಲಿ ಧೈರ್ಯ ಏನೂ ಇರಲಿಲ್ಲ. ರಾಣೆಬೆನ್ನೂರಿನಲ್ಲಿ ಬೇರೆಯವರು ಇರಲಿಲ್ಲ. ಮತ್ತು ನಾನು ಏನು ಬರೆದರೂ ಓದಿ ಪರೀಕ್ಷಿಸಲು ಅವರಿಗೆ ಬರುತ್ತಿರಲಿಲ್ಲ. ಅವರಿಗೂ ಅದು ಹೊಳೆದಿರಬೇಕು. ಬರೆದದ್ದನ್ನೆಲ್ಲ ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾ ಬರೆಯಿರಿ ಎಂದು ಕುರ್ಚಿ ಹತ್ತಿರ ಎಳೆದುಕೊಂಡರು.

ಹೇಳುತ್ತಾ ಬರೆದೆ. ಚಿತ್ರ ಏಳು. ವಾಡಿಕೆಯಂತೆ ಎಂದ ನನ್ನ ಸಾರಾಂಶ. ಚಿತ್ರದ ಕೈಬರಹವನ್ನು ಮೊದಲು ಗಮನಿಸಿದ್ದು ಗುಂಪಿನ ಮೇಸ್ತ್ರಿ. ಕಿತ್ತ ದಾರಗಳ ಬಣ್ಣ, ದಿನ. ಹಿಂದಿನ ವರ್ಷದ ಸೋಲಿಗೂ ಮೊಗ್ಗಿನ ಹಂತವೇ ಕಾರಣ, ಕೈತಪ್ಪಲ್ಲ. ಮಾಲೀಕರು ಮೇಜಿನ ಮೇಲಿನ ಬೀಜದ ಪೊಟ್ಟಣವನ್ನು ತಿರುವುತ್ತಿದ್ದರು. ಕೊನೆಯ ವಾಕ್ಯಕ್ಕೆ ಬಂದಿದ್ದೆ. ಸ್ಟೂಲಿನ ಕಡೆಯಿಂದ ಆಕೆ ನಿಧಾನವಾಗಿ ಹೇಳಿದರು.

“ಹೋದ ವರ್ಷನ ನಾ ಮೊಗ್ಗಿ ಸೀಳಿ ಸಾವ್ಕಾರರಿಗೆ ತೋರಿಸಿದ್ದೆ ಅಂತನೂ ಬರೀರಿ, ಸರ. ಅವ್ರು ಫೋನಿನ್ಯಾಗಿಂದ ತಲಿ ಎತ್ತಲಿಲ್ಲ ಅಂತ ಬರಿಯೂದು ಬ್ಯಾಡ.”

ಎರಡೂ ಬರೆದೆ. ಮಾಲೀಕರು ಕೇಳಿದಂತೆ, ಎರಡನ್ನೂ ಗಟ್ಟಿಯಾಗಿ ಓದಿ ಹೇಳಿದೆ.